ಸತ್ತವರು ಸತ್ತೇ ಇರ್ಬೇಕು ಮಾರಾಯ್ರೆ

2025ರ ಏಪ್ರಿಲ್ ಶುರುವಿಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಬಂತು. ಹಿಂದಿ ಪತ್ತೇದಾರಿ ಸೀರಿಯಲ್ ಸಿಐಡಿಯ ಟೀಮಿನ ಹೆಡ್ಡು ಎಸಿಪಿ ಪ್ರದ್ಯುಮನ್‌ದು. ಜೊತೆಗೆ ಇಂಗ್ಲಿಷಲ್ಲಿ ಅಗಲಿಕೆಯ ಮಾತು, ಮರೆಯಲಾಗದ ನಷ್ಟ ಅಂತೆಲ್ಲ, ಥೇಟ್ ಪೇಪರಿನ ಒಳಪುಟದಲ್ಲಿ ಬರುವ ಶ್ರದ್ಧಾಂಜಲಿಯ ನಮೂನೆ. ಯಾರೋ ಪೋಕರಿಗಳು ಮಾಡಿದ್ದಲ್ಲ, ಸೋನಿ ಚಾನೆಲಿನವರೇ ಹಾಕಿದ್ದು. ಕುಂಬಳೆಯ ಚಿಕ್ಕಮ್ಮ ತಕ್ಷಣ ಕೈಮುಗಿದ ಇಮೋಜಿ ಹಾಕಿದ್ರು, ಬದಿಯಡ್ಕದ ಭಾವ ಓಂ ಶಾಂತಿ ಹಾಕಿದ್ರು, ದುಬೈಲಿರುವ ತಮ್ಮ ಅಳುವ ಮುಖ ಹಾಕಿದ. ಸ್ವಲ್ಪ ಹೊತ್ತು ಕಳೆದು ದೊಡ್ಡಮ್ಮನ ಫೋನ್.

"ನಮ್ಮ ಎಸಿಪಿ ಹೋದ್ರಂತಲ್ಲ, ಪಾಪ, ಎಂತ ಆಗಿತ್ತು?"

"ಅವ್ರಿಗೆ ಎಂತದೂ ಆಗ್ಲಿಲ್ಲ ದೊಡ್ಡಮ್ಮ, ಆ ಆ್ಯಕ್ಟರ್ ಗಟ್ಟಿಮುಟ್ಟಾಗಿ ಇದ್ದಾರೆ. ಸೀರಿಯಲ್‌ನಲ್ಲಿ ಕೊಂದದ್ದು."

"ಸೀರಿಯಲ್‌ನಲ್ಲಿಯಾ? ಮತ್ತೆ ಹೀಗೆಲ್ಲ ಫೋಟೋ ಎಂತಕ್ಕೆ ಹಾಕುದು, ಬದುಕಿರುವ ಜನದ್ದು!"

ದೊಡ್ಡಮ್ಮನಿಗೆ ಅಲ್ಲಿಗೇ ಸಿಟ್ಟು ಬಂದಿತ್ತು. ನಂಗೆ ಆಗ ಅಷ್ಟೊಂದು ಬರ್ಲಿಲ್ಲ, ಬೇಜಾರು ಮಾತ್ರ. ನಂಗೆ ಸಿಟ್ಟು ಬಂದದ್ದು ಕೆಲವು ವಾರ ಕಳೆದು ಅದೇ ಎಸಿಪಿ ಜೀವಂತ ವಾಪಸ್ ಬಂದಾಗ. ಇದನ್ನು ಹೇಳಿದ್ರೆ ಎಲ್ಲ ನಗ್ತಾರೆ, ಪ್ರೀತಿಯ ಮನುಷ್ಯ ವಾಪಸ್ ಬಂದ್ರೆ ಯಾರಿಗಾದ್ರೂ ಸಿಟ್ಟು ಬರ್ತದಾ ಅಂತ. ಬಂತು. ಯಾಕೆ ಬಂತು ಅಂತ ಬರೀಲಿಕ್ಕೆ ಸುಮಾರು ಸಮಯದಿಂದ ಯೋಚ್ನೆ ಮಾಡ್ತಾ ಇದ್ದೆ, ಇವತ್ತು ಮಳೆ, ಎಲ್ಲಿಗೂ ಹೋಗ್ಲಿಕ್ಕಿಲ್ಲ, ಬರೀತೇನೆ.

ಮೊದ್ಲು ಸಿಐಡಿ ನಮಗೆ ಎಂತ ಆಗಿತ್ತು ಅಂತ ಹೇಳ್ಬೇಕು. ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ. ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ, ಮನೆಯಲ್ಲಿ ಕನ್ನಡ, ತೋಟದ ಕೆಲ್ಸಕ್ಕೆ ಬರುವವರ ಹತ್ರ ತುಳು, ವಿಲೇಜ್ ಆಫೀಸಿನಲ್ಲಿ ಮಲಯಾಳ. 1956ರಲ್ಲಿ ಗೆರೆ ಎಳೆದದ್ದು, ಆ ಗೆರೆಯ ತಕರಾರು ನಮ್ಮ ಮನೆಯ ಟಿವಿಯ ಒಳಗೂ ಬಂದಿತ್ತು. ಕೇಬಲ್‌ನಲ್ಲಿ ಮಲಯಾಳ ಚಾನೆಲ್‌ಗಳು ಸಾಲಾಗಿ ಬರ್ತಿದ್ವು, ಕನ್ನಡದ್ದು ಕೊನೆಗೆಲ್ಲೋ, ಅದರಲ್ಲೂ ಒಂದು ಬಂದ್ರೆ ಇನ್ನೊಂದು ಇಲ್ಲ, ಬಂದದ್ದರಲ್ಲಿ ಅರ್ಧ ದಿನ ಬರೀ ಚುಕ್ಕಿ. ಅಜ್ಜನಿಗೆ ಕನ್ನಡ ವಾರ್ತೆಯೇ ಆಗ್ಬೇಕು, ಅತ್ತಿಗೆ ಪಯ್ಯನ್ನೂರು ಕಡೆಯವರು, ಅವರಿಗೆ ಮಲಯಾಳ ಸೀರಿಯಲ್ ಬೇಕು, ರಿಮೋಟಿಗೆ ದಿನಾ ಜಗಳ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಸಿಐಡಿ ಬರುವಾಗ ಮಾತ್ರ ಜಗಳ ಇಲ್ಲ. ಹಿಂದಿ ಯಾರಿಗೂ ಸರಿಯಾಗಿ ಬರ್ತಿರ್ಲಿಲ್ಲ, ಹಾಗಾಗಿ ಯಾರಿಗೂ ಬೇಜಾರಿರ್ಲಿಲ್ಲ.

ಆಚೆ ಮನೆಯ ಬ್ಯಾರಿಗಳ ಮಕ್ಕಳೂ ಬರ್ತಿದ್ರು, ಅವರ ಉಮ್ಮ ಸೆರಗಲ್ಲಿ ಕಡ್ಲೆ ಕಟ್ಟಿ ಕಳಿಸ್ತಿದ್ರು. ಸೀಸನ್ ಇದ್ರೆ ಜಗಲಿಯಲ್ಲಿ ಅಡಿಕೆ ಸುಲಿಯುವವರು ಇರ್ತಿದ್ರು, ಟಿವಿಯನ್ನು ಒಳಗಿನ ಕೋಣೆಯ ಬಾಗಿಲಿಗೆ ಎಳೆದು ಜಗಲಿಗೆ ಮುಖ ಮಾಡಿ ಇಡುದು. ಕೈ ಅದರಷ್ಟಕ್ಕೆ ಸುಲಿಯುತ್ತಾ ಇರ್ತದೆ, ಕಣ್ಣು ಟಿವಿಯಲ್ಲಿ, ಯಾರ ಬೆರಳೂ ಕತ್ತಿಗೆ ತಾಗಿದ್ದಿಲ್ಲ. ಎಸಿಪಿ ಬೆರಳನ್ನು ಗಾಳಿಯಲ್ಲಿ ತಿರುವಿ "ಕುಛ್ ತೋ ಗಡ್‌ಬಡ್ ಹೈ" ಅಂದ್ರೆ ಸಾಕು, ಜಗಲಿಯ ಚಟ್ ಚಟ್ ಸದ್ದು ಒಮ್ಮೆಗೆ ನಿಲ್ತಿತ್ತು. ಜಾಹೀರಾತು ಬಂದಾಗ ಪುನಃ ಶುರು.

ದೊಡ್ಡಮ್ಮನಿಗೆ ಒಂದಕ್ಷರ ಹಿಂದಿ ಗೊತ್ತಿಲ್ಲ, ಆದ್ರೆ ಕಮೆಂಟ್ರಿ ಪೂರ್ತಿ ಅವರದ್ದೇ. ಅವರ ಲೆಕ್ಕ ಬಹಳ ಸುಲಭ, ಹೆಣದ ಹತ್ರ ಮೊದ್ಲು ಅತ್ತವನೇ ಕೊಂದವ. "ನೋಡು ನೋಡು, ಕಣ್ಣಲ್ಲಿ ನೀರಿಲ್ಲ, ಬರೀ ಶಬ್ದ" ಅಂತ ಹೇಳಿ ಮುಗಿಸ್ತಿದ್ರು. ಎಷ್ಟೋ ಸಲ ಅದು ಸರಿಯೇ ಆಗ್ತಿತ್ತು. ಸೀರಿಯಲ್ಲಲ್ಲಿ ಹೆಣ ಪರೀಕ್ಷೆ ಮಾಡುವ ಡಾಕ್ಟರ್ ಸಾಳುಂಕೆಯ ಲ್ಯಾಬಿಗಿಂತ ದೊಡ್ಡಮ್ಮನ ಲ್ಯಾಬ್ ಫಾಸ್ಟ್ ಅಂತ ಅಜ್ಜ ಹೇಳುದು. ಇನ್ಸ್‌ಪೆಕ್ಟರ್ ದಯಾ ಬಾಗಿಲಿಗೆ ಒದ್ದು ಮುರಿದಾಗ ಮಾತ್ರ ಅಜ್ಜನಿಗೆ ತಡೀತಿರ್ಲಿಲ್ಲ. "ಅದು ಪ್ಲೈವುಡ್ಡಿನ ಬಾಗಿಲು. ನಮ್ಮ ಹಲಸಿನ ಮರದ ಬಾಗಿಲಿಗೆ ಒಮ್ಮೆ ಒದ್ದು ನೋಡ್ಲಿ ಅವ, ಕಾಲು ಕೈಗೆ ಬರ್ತದೆ." ಅಷ್ಟು ಹೇಳ್ತಿದ್ರೂ ದಯಾನ ಮೇಲೆ ಅಜ್ಜನಿಗೆ ವಿಶೇಷ ಪ್ರೀತಿ. ಯಾಕಂದ್ರೆ ಆ ಪಾರ್ಟು ಮಾಡುವ ದಯಾನಂದ ಶೆಟ್ಟಿ ಅಂದ್ರೆ ನಮ್ಮ ಕಡೆಯವ ಅಲ್ವಾ, ಮಂಗ್ಳೂರು ದಾಟಿ ಹೈವೇಲಿ ಹೋದ್ರೆ ಉಡುಪಿಗೆ ಸ್ವಲ್ಪ ಮೊದ್ಲು ಸಿಗುವ ಕಟಪಾಡಿಯ ಮೂಲದವ, ಮನೆಮಾತು ತುಳು, ಡಿಸ್ಕಸ್ ತ್ರೋದಲ್ಲಿ ಮಹಾರಾಷ್ಟ್ರಕ್ಕೆ ಚಾಂಪಿಯನ್ ಆಗಿದ್ದವ. ಬಾಂಬೆಗೆ ಹೋಗಿ ಹೋಟೆಲಿನಲ್ಲಿ ದುಡಿದು ಬಂದ ಜನ ನಮ್ಮೂರಲ್ಲಿ ಮನೆಗೊಬ್ಬರು ಇದ್ರು, ಅವರಿಗೆಲ್ಲ ಟಿವಿಯಲ್ಲಿ ಒಬ್ಬ ಶೆಟ್ರು ಕಳ್ಳರ ಕೆನ್ನೆಗೆ ಬಾರಿಸುದು ನೋಡ್ಲಿಕ್ಕೆ ಒಂದು ಖುಷಿ.

ಮಳೆಗಾಲದಲ್ಲಿ ಸರಿಯಾಗಿ ಕೊಲೆಗಾರ ಸಿಕ್ಕುವ ಹೊತ್ತಿಗೆ ಕರೆಂಟ್ ಹೋಗುದು ಮಾಮೂಲು. ಆಗ ಈ ಯೂಟ್ಯೂಬ್ ಎಲ್ಲ ಎಲ್ಲಿತ್ತು, ಮಾರನೇ ದಿನ ಬಸ್ಸಲ್ಲಿ ಉಪ್ಪಳದಿಂದಲೋ ಸೀತಾಂಗೋಳಿಯಿಂದಲೋ ಬರುವವರ ಹತ್ರ ಕೇಳ್ಬೇಕು, ಅಲ್ಲಿ ಕರೆಂಟ್ ಇತ್ತಾ, ಯಾರು ಕೊಂದದ್ದು, ಯಾಕೆ ಕೊಂದದ್ದು. ಹೇಳುವವ ಸ್ವಲ್ಪ ಸೇರಿಸಿಯೇ ಹೇಳ್ತಿದ್ದ.

ಸಿಐಡಿ ಶುರುವಾದದ್ದು ಜನವರಿ 1998ರಲ್ಲಿ. ಬಿ.ಪಿ. ಸಿಂಗ್ ಮಾಡಿದ್ದು, ಅವರು ಮೂಲತಃ ಕ್ಯಾಮರಾದವರು. ಎಸಿಪಿಯಾಗಿ ಶಿವಾಜಿ ಸಾಟಮ್, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದು ನಾಟಕದಿಂದ ಬಂದವರು. ದಯಾನ ಜೋಡಿ ಇನ್ಸ್‌ಪೆಕ್ಟರ್ ಅಭಿಜೀತ್ ಪಾರ್ಟು ಮಾಡಿದ ಆದಿತ್ಯ ಶ್ರೀವಾಸ್ತವ ಮೊದ್ಲು ಇದೇ ಸೀರಿಯಲ್‌ನಲ್ಲಿ ಕ್ರಿಮಿನಲ್ ಪಾರ್ಟು ಮಾಡಿ ಆಮೇಲೆ ಪೊಲೀಸ್ ಆದದ್ದು. ಮೊದಲಿನ ವರ್ಷಗಳದ್ದು ಈಗ ತೆಗೆದು ನೋಡಿದ್ರೆ ಬೇರೆಯೇ ರುಚಿ. ಒಂದು ಕೇಸು ಎರಡು ವಾರ ಹೋಗ್ತದೆ, ಯಾರೂ ಕಿರುಚುದಿಲ್ಲ, ಆಫೀಸಿನ ಗೋಡೆಯ ಪೇಂಟು ಸುಮಾರಾಗಿರ್ತದೆ, ಒಬ್ಬ ವಾಚ್‌ಮನ್‌ನನ್ನು ವಿಚಾರಿಸ್ಲಿಕ್ಕೆ ಐದು ನಿಮಿಷ ಕೊಡ್ತಾರೆ. ಆ ವಾಚ್‌ಮನ್ ಕಥೆಗೆ ಬೇಕಾದವನೂ ಅಲ್ಲ, ಆದ್ರೂ ಅವನಿಗೊಂದು ಊರು, ಒಂದು ಡ್ಯೂಟಿ, ಬೀಡಿ ಸೇದ್ಲಿಕ್ಕೆ ಹೋದ ಹತ್ತು ನಿಮಿಷ ಇರ್ತದೆ, ಆ ಹತ್ತು ನಿಮಿಷದಲ್ಲೇ ಕೊಲೆ ಆಗಿರ್ತದೆ. 2004ರಲ್ಲಿ ಒಂದು ಎಪಿಸೋಡನ್ನು ಲೋನಾವಳದ ಒಂದು ಬಂಗಲೆಯಲ್ಲಿ 111 ನಿಮಿಷ, ಎಲ್ಲಿಯೂ ಕಟ್ ಇಲ್ಲದೆ ಒಂದೇ ಶಾಟಲ್ಲಿ ತೆಗೆದ್ರು, ಗಿನ್ನೆಸ್‌ನಲ್ಲೂ ಲಿಮ್ಕಾದಲ್ಲೂ ಬಂತು. ದಾಖಲೆಗಿಂತ ನಂಗೆ ಅದರಲ್ಲಿ ಕಾಣುದು ಮಾಡುವವರ ಹುಮ್ಮಸ್ಸು. ಆರು ವರ್ಷ ಓಡಿದ ಸೀರಿಯಲ್ಲು, ಸುಮ್ನೆ ಓಡಿಸಿಕೊಂಡು ಹೋಗ್ಬಹುದಿತ್ತು, ಯಾರೂ ಕೇಳ್ತಿರ್ಲಿಲ್ಲ. ಅಷ್ಟು ಹೊತ್ತು ಇಡೀ ಟೀಮ್ ತಪ್ಪದೆ ಆ್ಯಕ್ಟ್ ಮಾಡ್ಬೇಕು, ಕ್ಯಾಮರಾದವನ ಕಾಲು ವಯರಿಗೆ ಸಿಕ್ಕಿದ್ರೆ ಮೊದ್ಲಿಂದ ಶುರು ಮಾಡ್ಬೇಕು.

ಆಮೇಲೆ ಹಾಳಾಯ್ತು ಅಂತ ಎಲ್ಲರೂ ಹೇಳ್ತಾರೆ, ನಾನು ಹೇಳುದಿಲ್ಲ. 2010 ಕಳೆದ ಮೇಲೆ ದೆವ್ವ ಬಂತು, ರೋಬೋಟ್ ಬಂತು, ಲ್ಯಾಬಲ್ಲಿ ಬಣ್ಣಬಣ್ಣದ ನೀರಿಂದ ಹೊಗೆ ಬಂತು, ಒಂದು ಕೂದಲೆಳೆ ನೋಡಿ ಸಾಳುಂಕೆ ಕೊಲೆಗಾರನ ಜಾತಕ ಹೇಳ್ಲಿಕ್ಕೆ ಶುರು ಮಾಡಿದ್ರು, ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಝೂಮ್. ತಾರಕ್ ಮೆಹ್ತಾ ಅನ್ನುವ ಕಾಮಿಡಿ ಸೀರಿಯಲ್ಲಿನವರೂ ಬಂದು ಸೇರಿದ್ರು. ಇಡೀ ದೇಶ ಅದನ್ನು ಜೋಕ್ ಮಾಡಿತು. ನಾವೂ ನಕ್ಕೆವು, ಆದ್ರೆ ಬಿಟ್ಟು ಹೋಗ್ಲಿಲ್ಲ. ಯಾಕಂದ್ರೆ ಅದು ನಿಜವಾದ ಪೊಲೀಸ್ ಕೆಲ್ಸ ಅಂತ ನಾವು ಯಾವಾಗ ತಿಳ್ಕೊಂಡಿದ್ದೆವು? ಮಹಾರಾಷ್ಟ್ರದ ಅಸಲಿ ಸಿಐಡಿಯ ಹೆಡ್ ಆಫೀಸ್ ಇರುದು ಪುಣೆಯಲ್ಲಿ, ಮುಂಬೈಯ ಕೊಲೆ ಕೇಸುಗಳನ್ನು ನೋಡುದು ಅಲ್ಲಿನ ಪೊಲೀಸರು ಮತ್ತೆ ಕ್ರೈಂ ಬ್ರಾಂಚು. ನಮ್ಮ ಕಾಸರಗೋಡಲ್ಲಿ ಎಸಿಪಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್, ಅಂತ ಒಂದು ಪೋಸ್ಟೇ ಇಲ್ಲ, ಇರುದು ಡಿವೈಎಸ್ಪಿ. ಕಮಿಷನರೇಟ್ ಇದ್ದಲ್ಲಿ ಮಾತ್ರ ಎಸಿಪಿ, ನಮಗೆ ಹತ್ರದ್ದು ಅಂದ್ರೆ ಮಂಗ್ಳೂರು, ಅಲ್ಲಿಯೂ ಅದು 2010ರಲ್ಲಿ ಆದದ್ದು. ಅಷ್ಟು ಸಮಯ ನಾವು ಎಸಿಪಿ ಅಂದ್ರೆ ಪ್ರದ್ಯುಮನ್ ಅವರ ಸ್ವಂತ ಹೆಸರಿನ ಇನಿಶಿಯಲ್ ಅಂತಲೇ ತಿಳ್ಕೊಂಡಿದ್ದದ್ದು.

ತಮ್ಮನ ಮಗ ಈಗ ಕಾಸರಗೋಡು ಕಾಲೇಜಿಗೆ ಹೋಗ್ತಾನೆ, ಅವ ನೋಡುದೆಲ್ಲ ಮಲಯಾಳದ ಪೊಲೀಸ್ ಸಿನಿಮಾ, ವೆಬ್ ಸೀರೀಸು. ಒಳ್ಳೇದುಂಟು, ಇಲ್ಲ ಅಂತ ಯಾರು ಹೇಳಿದ್ದು. ನಮ್ಮ ಪೆರ್ಲದ ಹತ್ರದ ಶೇಣಿಯನ್ನೇ ಕಥೆಯ ಊರು ಮಾಡಿ, ನಿಜವಾದ ಪೊಲೀಸರನ್ನೇ ಪೊಲೀಸರ ಪಾರ್ಟಿಗೆ ಹಾಕಿ 2017ರಲ್ಲಿ ಒಂದು ಮಲಯಾಳ ಸಿನಿಮಾ ಬಂದಿತ್ತು, ಒಂದು ಸರ, ಒಬ್ಬ ಕಳ್ಳ, ಒಂದು ಸ್ಟೇಷನ್, ಅಷ್ಟೇ ಕಥೆ. ಅದನ್ನು ನೋಡಿದ ಮೇಲೆ ದಯಾ ಬಾಗಿಲು ಒಡೆಯುದನ್ನು ನೋಡ್ಲಿಕ್ಕೆ ಹೇಗಾಗ್ತದೆ ನಿಂಗೆ ಅಂತ ಹುಡುಗ ಕೇಳ್ತಾನೆ. ಆಗ್ತದೆ, ಎರಡೂ ಆಗ್ತದೆ. ಆ ಸಿನಿಮಾ ಸ್ಟೇಷನ್ ಹೇಗಿರ್ತದೆ ಅಂತ ತೋರಿಸ್ತದೆ. ಸಿಐಡಿ ತೋರಿಸುದು ಬೇರೆ. ಯಾರೋ ಗುರುತು ಪರಿಚಯ ಇಲ್ಲದವ ಸತ್ತು ಬಿದ್ದಿರ್ತಾನೆ, ಅಷ್ಟು ಜನ ದೊಡ್ಡವರು ಬೇರೆ ಎಲ್ಲ ಕೆಲ್ಸ ಬಿಟ್ಟು ಇವ ಯಾರು, ಎಲ್ಲಿಯವ, ರಾತ್ರಿ ಊಟ ಮಾಡಿದ್ದನಾ, ಎಂತ ಊಟ ಮಾಡಿದ್ದ ಅಂತ ತಲೆಕೆಡಿಸಿಕೊಳ್ತಾರೆ. ಹೆಣದ ಕಿಸೆಯಲ್ಲಿ ಸಿಕ್ಕಿದ ಬಸ್ ಟಿಕೆಟ್ ಹಿಡ್ಕೊಂಡು ಊರಿಡೀ ತಿರುಗ್ತಾರೆ. ಹನ್ನೊಂದು ಗಂಟೆಗೆ ಮುಂಚೆ ಉತ್ತರ ಸಿಗ್ತದೆ, ನಾವು ಲೈಟ್ ಆರಿಸಿ ಮಲಗ್ತೇವೆ.

ಆ ಮಲಗುದಕ್ಕೆ ಬೇಕಾದ ಒಂದೇ ಒಂದು ಸಂಗತಿ, ಸತ್ತವ ಸತ್ತಿದ್ದಾನೆ ಅನ್ನುದು. ಲ್ಯಾಬಿನ ನೀರು ಸುಳ್ಳಿರ್ಲಿ, ಬಾಗಿಲು ಸುಳ್ಳಿರ್ಲಿ, ದೆವ್ವವೂ ಕೊನೆಗೆ ಯಾರೋ ಬಿಳಿ ಸೀರೆ ಉಟ್ಟ ಕಳ್ಳಿ ಅಂತ ಗೊತ್ತಾಗ್ತಿತ್ತು. ಹೆಣ ಮಾತ್ರ ನಿಜ. ಅದು ಎದ್ದು ಬರುದಿಲ್ಲ, ಅದಕ್ಕೇ ಇವರೆಲ್ಲ ಓಡಾಡುದು. ಪತ್ತೇದಾರಿ ಕಥೆ ಅಂದ್ರೆ ಕೊನೆಗೆ ಇಷ್ಟೇ ಅಲ್ವಾ, ಹೋದ ಜೀವ ವಾಪಸ್ ತರ್ಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ, ಕೊಂಡುಹೋದದ್ದು ಯಾರು ಅಂತ ಹೇಳ್ಲಿಕ್ಕಾದ್ರೂ ಆಗ್ಬೇಕು.

ಹಳೇ ಸಿಐಡಿಗೆ ಇದು ಗೊತ್ತಿತ್ತು. ಎಸಿಪಿ ತನ್ನ ಮಗ ನಕುಲನನ್ನು, ದಾರಿ ತಪ್ಪಿ ಕ್ರಿಮಿನಲ್ ಆದವನನ್ನು, ತನ್ನ ಕೈಯಾರೆ ಗುಂಡಿಟ್ಟು ಕೊಂದ ಕಥೆ ನೆನಪುಂಟಲ್ಲ. ಅದನ್ನು ಅವರು ವಾರವಾರ ಎಳೆದಾಡ್ಲಿಲ್ಲ. ಮುಂದಿನ ವಾರ ಬೇರೆ ಹೆಣ, ಬೇರೆ ಬಸ್ ಟಿಕೆಟ್, ಎಸಿಪಿ ಅದೇ ಕೋಟಿನಲ್ಲಿ ಅದೇ ಗತ್ತಲ್ಲಿ ಡ್ಯೂಟಿಗೆ ಬಂದ್ರು. ಆದ್ರೆ ಆಮೇಲೆ ಯಾವ ಎಪಿಸೋಡಲ್ಲಿ ಅಪ್ಪ ಮಗ ಅಂತ ಬಂದ್ರೂ ದೊಡ್ಡಮ್ಮ "ಪಾಪ, ಅವರದ್ದೂ ಹೋಯ್ತಲ್ಲ" ಅಂತಿದ್ರು. ಸೀರಿಯಲ್‌ನವರು ನೆನಪು ಮಾಡದಿದ್ರೂ ಇವರೇ ನೆನಪು ಮಾಡ್ತಿದ್ರು.

ಅಕ್ಟೋಬರ್ 2018ರಲ್ಲಿ ನಿಂತಿತು. ಇಪ್ಪತ್ತು ವರ್ಷ, 1547 ಎಪಿಸೋಡು. ಸರಿಯಾದ ಒಂದು ವಿದಾಯ ಕೂಡ ಇಲ್ಲ, ಬ್ರೇಕ್ ಅಂತ ಹೇಳಿದ್ರು, ಆ ಬ್ರೇಕು ಮುಗೀಲೇ ಇಲ್ಲ. ಅಜ್ಜ ಅಷ್ಟರಲ್ಲಿ ತೀರಿ ಹೋಗಿದ್ರು, ಮನೆಯಲ್ಲಿ ಟಿವಿ ಗೋಡೆಗೆ ಏರಿತ್ತು, ಜಗಲಿಗೆ ಗ್ರಿಲ್ ಬಂದಿತ್ತು, ಅಡಿಕೆ ಸುಲಿಯುದು ಮೆಷಿನ್ನು. ನಾವೂ ಸುಮ್ನಾದೆವು. ಡಿಸೆಂಬರ್ 2023ರಲ್ಲಿ ಫ್ರೆಡ್ರಿಕ್ಸ್ ಮಾಡಿದ ದಿನೇಶ್ ಫಡ್ನಿಸ್ ಹೋದ್ರು, 57 ವರ್ಷ. ಭೂತಕ್ಕೆ ಹೆದರುವ ಆ ಪೊಲೀಸ್, ಹೆಂಡತಿಯ ಫೋನಿಗೆ ಹೆದರುವ ಪೊಲೀಸ್, ಎಸಿಪಿ ಗದರಿಸಿದ್ರೆ ಮುಖ ಸಣ್ಣ ಮಾಡುವ ಪೊಲೀಸ್. ಎಪಿಸೋಡಲ್ಲಿ ಯಾರಾದ್ರೂ ನಮ್ಮ ಹಾಗೆ ಸಾಮಾನ್ಯ ಮನುಷ್ಯ ಇದ್ದದ್ದಾದ್ರೆ ಅವ ಒಬ್ಬನೇ. ಆ ದಿನ ಗ್ರೂಪಲ್ಲಿ ಯಾರೂ ಇಮೋಜಿ ಹಾಕ್ಲಿಲ್ಲ, ಚಿಕ್ಕಮ್ಮ ಒಂದು ವಾಯ್ಸ್ ಮೆಸೇಜ್ ಹಾಕಿದ್ರು, ಅದೂ ಸ್ವಲ್ಪ ಅರ್ಧಕ್ಕೆ ನಿಂತ ಹಾಗಿತ್ತು.

ಡಿಸೆಂಬರ್ 21, 2024ಕ್ಕೆ ಸಿಐಡಿ ವಾಪಸ್ ಬರ್ತದೆ ಅಂತ ಆದಾಗ ಖುಷಿ ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಶನಿವಾರ ಆದಿತ್ಯವಾರ, ಅದೇ ರಾತ್ರಿ ಹತ್ತು ಗಂಟೆ. ಆದ್ರೆ ಪ್ರೊಮೋದಲ್ಲೇ ಅಭಿಜೀತ್ ದಯಾನಿಗೆ ಗುಂಡು ಹೊಡೆಯುದು ತೋರಿಸಿದ್ರು. ನಂಗೆ ಅಲ್ಲಿಯೇ ಒಂಥರ ಆಯ್ತು. ಇಪ್ಪತ್ತು ವರ್ಷ ಒಂದೇ ಜೀಪಲ್ಲಿ ಓಡಾಡಿದವರು. ಅವರಿಬ್ಬರ ಸ್ನೇಹವನ್ನು ಯಾರೂ ಡೈಲಾಗ್ ಹೊಡೆದು ಹೇಳಿದ್ದಲ್ಲ, ಒಬ್ಬ ಎಡಗಡೆ ಬಾಗಿಲಿಗೆ ಹೋದ್ರೆ ಇನ್ನೊಬ್ಬ ಕೇಳದೇ ಬಲಗಡೆಗೆ ಹೋಗುದು, ಅಷ್ಟರಲ್ಲೇ ಇತ್ತು. ಅದನ್ನು ಕೆಡವಿ ಕಥೆ ಶುರು ಮಾಡುದು ಅಂದ್ರೆ, ಬಂಡವಾಳವನ್ನು ಮೊದ್ಲ ದಿನವೇ ಮುರಿದು ತಿಂದ ಹಾಗೆ ಆಗ್ಲಿಲ್ವಾ?

ಆದ್ರೂ ನೋಡಿದೆ. ಲೈಟಿಂಗ್ ಚೆನ್ನಾಗಿದೆ, ಆಫೀಸ್ ಥಳಥಳ, ಕ್ಯಾಮರಾ ಮೊದಲಿನ ಹಾಗೆ ಹುಚ್ಚು ಕಟ್ಟಿ ಓಡುದಿಲ್ಲ. ಸಾಳುಂಕೆ, ಅವರ ಲ್ಯಾಬಿನ ತಾರಿಕಾ ಎಲ್ಲ ಇದ್ದಾರೆ. ಫೆಬ್ರವರಿ 2025ರಿಂದ ನೆಟ್‌ಫ್ಲಿಕ್ಸಲ್ಲೂ ಬಂತು, ಹಾಗಾಗಿ ಹನ್ನೊಂದು ಗಂಟೆಗೆ ಬಿಟ್ಟು ಏಳದ ಹಾಗೆ ಮಾಡುವ ಬುದ್ಧಿಯೂ ಬಂತು ಅಂತ ಕಾಣ್ತದೆ. ಕೇಸು ಮುಗಿಯುವ ಹೊತ್ತಿಗೆ ಹಿಂದಿನಿಂದ ಒಂದು ದೊಡ್ಡ ಸೇಡಿನ ಕಥೆ ತಲೆ ಹಾಕ್ತದೆ. ಯಾರೋ ಒಬ್ಬ ಮಹಾ ವಿಲನ್, ಅವನಿಗೆ ಸಿಐಡಿಯವರ ಮೇಲೆಯೇ ಹಗೆ. ಮೊದ್ಲೂ ಇಂಥ ವಿಲನ್‌ಗಳು ಬರ್ತಿದ್ರು, ಹಬ್ಬಕ್ಕೋ ಐನೂರನೇ ಎಪಿಸೋಡಿಗೋ, ವಿಶೇಷ ಅಂತ. ಈಗ ಅದೇ ದಿನದ ಊಟ. ಸತ್ತು ಬಿದ್ದ ಹೊರಗಿನ ಮನುಷ್ಯ ಸೈಡಿಗೆ ಹೋದ. ಅವನ ಕಿಸೆಯನ್ನು ಯಾರೂ ಸರಿಯಾಗಿ ನೋಡುದಿಲ್ಲ, ನೋಡಿದ್ರೂ ಅದರಲ್ಲಿ ವಿಲನ್ ಬಿಟ್ಟ ಚೀಟಿ ಇರ್ತದೆ, ಸಿಐಡಿಯವರಿಗೇ ಬರೆದದ್ದು. ವಾಚ್‌ಮನ್‌ಗೆ ಅರ್ಧ ನಿಮಿಷವೂ ಇಲ್ಲ. ಪೊಲೀಸರೇ ಕೇಸು, ಪೊಲೀಸರೇ ಫಿರ್ಯಾದಿ, ಪೊಲೀಸರೇ ಸಾಕ್ಷಿ. ನೋಡುವವರಿಗೆ ಇವರ ಮೇಲೆ ಪ್ರೀತಿ ಉಂಟು, ಹಾಗಾಗಿ ಇವರನ್ನೇ ಹಿಂಡುವ ಅಂತ ಯಾರೋ ಮೀಟಿಂಗಲ್ಲಿ ಕೂತು ತೀರ್ಮಾನ ಮಾಡಿದ್ದಾರೆ ಅಂತ ನಂಗೆ ಗುಮಾನಿ. ನಮಗೆ ಅವರ ಮೇಲೆ ಪ್ರೀತಿ ಬಂದದ್ದೇ ಅವರು ಬೇರೆಯವರ ಬಗ್ಗೆ ತಲೆಕೆಡಿಸಿಕೊಳ್ತಿದ್ರು ಅಂತ.

ಆಮೇಲೆ ಏಪ್ರಿಲ್. ಬಾರ್ಬೋಸಾ ಅಂತ ವಿಲನ್, ಮಾಡಿದ್ದು ತಿಗ್ಮಾಂಶು ಧೂಲಿಯಾ, ಒಳ್ಳೇ ಆ್ಯಕ್ಟರ್, ಬಾಂಬ್ ಬ್ಲಾಸ್ಟು, ಎಸಿಪಿ ಮುಗೀತು. ಪಾರ್ಥ್ ಸಮಥಾನ್ ಹೊಸ ಎಸಿಪಿ ಆಯುಷ್ಮಾನ್ ಆಗಿ ಬಂದ. ಆ ಹುಡುಗನ ಮೇಲೆ ನಂಗೆ ದೂರಿಲ್ಲ, ಯಾರು ಬಂದು ಆ ಕುರ್ಚಿಯಲ್ಲಿ ಕೂತಿದ್ರೂ ಬೈಗುಳ ತಿನ್ಲಿಕ್ಕೆ ಇತ್ತು. ನಿಜ ಹೇಳ್ಬೇಕಂದ್ರೆ ನಾನು ಅದಕ್ಕೆ ಒಗ್ಗಿಕೊಳ್ಳುವ ತಯಾರಿಯಲ್ಲಿದ್ದೆ. ಶಿವಾಜಿ ಸಾಟಮ್ ಅವರು 1950ರಲ್ಲಿ ಹುಟ್ಟಿದವರು, ಎಷ್ಟು ಸಮಯ ಅಂತ ಓಡಿಸುದು ಅವರನ್ನು, ಅವರಿಗೂ ವಿಶ್ರಾಂತಿ ಬೇಡವಾ. ಎಸಿಪಿ ಸತ್ತ, ಸರಿ, ಈಗ ಟೀಮು ಎಂತ ಮಾಡ್ತದೆ ನೋಡುವ ಅಂತ. ದಯಾ ಅಭಿಜೀತ್ ಆ ಖಾಲಿ ಕೋಣೆಗೆ ಹೇಗೆ ಹೋಗ್ತಾರೆ, ಸಾಳುಂಕೆ ಇನ್ನು ಯಾರ ಹತ್ರ ಜಗಳ ಮಾಡುದು. ಇಪ್ಪತ್ತೇಳು ವರ್ಷ ಬೇರೆಯವರ ಮನೆಯ ಸಾವು ನೋಡಿದವರ ಮನೆಗೇ ಸಾವು ಬಂದ್ರೆ ಹೇಗೆ ಅನ್ನುದು ದೊಡ್ಡ ಕಥೆ ಅಲ್ವಾ. ಬರೀಲಿಕ್ಕೆ ಗೊತ್ತಿರುವವರ ಕೈಗೆ ಸಿಕ್ಕಿದ್ರೆ ಅದೊಂದೇ ವಿಷಯ ಒಂದು ವರ್ಷಕ್ಕೆ ಸಾಕು.

ಜನ ಗಲಾಟೆ ಮಾಡಿದ್ರು, ಇಂಟರ್ನೆಟ್ಟಲ್ಲಿ ದೊಡ್ಡ ರಂಪ. ಕೆಲವೇ ವಾರ, ಎಸಿಪಿ ವಾಪಸ್. ಸತ್ತಿರ್ಲಿಲ್ಲವಂತೆ.

ನಮ್ಮಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಸತ್ತವರು ಎದ್ದು ಬರುದು ಹೊಸತಲ್ಲ. ಅಭಿಮನ್ಯು ಪದ್ಮವ್ಯೂಹದಲ್ಲಿ ಬೀಳ್ತಾನೆ, ಹೆಂಗಸರು ಕಣ್ಣು ಒರೆಸಿಕೊಳ್ತಾರೆ, ಅದೇ ಅಭಿಮನ್ಯು ಚೌಕಿಯಲ್ಲಿ ಬಣ್ಣ ತೆಗೆದು ಚಾ ಕುಡಿದು ಬೆಳಗ್ಗಿನ ಬಸ್ಸಿಗೆ ಕಾಯ್ತಾ ಇರ್ತಾನೆ, ನಾಳೆ ಇನ್ನೊಂದು ಊರಲ್ಲಿ ಪುನಃ ಸಾಯ್ತಾನೆ. ಆದ್ರೆ ಆ ಪ್ರಸಂಗದ ಒಳಗೆ ಅವ ಸತ್ತಾಯ್ತು. ಊರವರು ಅತ್ತರು ಅಂತ ಭಾಗವತರು ಪದ ಬದಲಿಸಿ ಅಭಿಮನ್ಯುವನ್ನು ಎಬ್ಬಿಸಿ ಕೂರಿಸಿದ್ರೆ, ಮಾರನೇ ದಿನ ಅರ್ಜುನ ಯಾರಿಗಾಗಿ ಪ್ರತಿಜ್ಞೆ ಮಾಡುದು, ಜಯದ್ರಥ ಯಾಕೆ ಅಡಗುದು? ಇಡೀ ಮುಂದಿನ ಕಥೆಗೆ ಕಾಲೇ ಇಲ್ಲದ ಹಾಗೆ ಆಗ್ತದೆ. ಆ ಸಭೆಯಲ್ಲಿ ಒಬ್ಬರಾದ್ರೂ ಕೇಳ್ತಿದ್ರು, ಭಾಗವತರೇ ಎಂತ ಇದು ಅಂತ.

ಎಸಿಪಿ ವಾಪಸ್ ಬಂದ ಸುದ್ದಿ ಹೇಳಿದಾಗ ದೊಡ್ಡಮ್ಮ ಪಾತ್ರೆ ತೊಳೀತಾ ಇದ್ರು, ತಿರುಗಿ ಸಹ ನೋಡ್ಲಿಲ್ಲ. "ಹೌದಾ. ಹಾಗಾದ್ರೆ ಆ ಭೂತಕ್ಕೆ ಹೆದರುವವನನ್ನೂ ಕರ್ಕೊಂಡು ಬರ್ಲಿ" ಅಂದ್ರು.

ನಂಗೆ ಇದಕ್ಕಿಂತ ಚೆನ್ನಾಗಿ ಹೇಳ್ಲಿಕ್ಕೆ ಬರುದಿಲ್ಲ. ಫಡ್ನಿಸ್ ವಾಪಸ್ ಬರುದಿಲ್ಲ. ಹೊಸ ಸಿಐಡಿಯ ಆಫೀಸಲ್ಲಿ ಅವರು ಇರ್ಬೇಕಾದ ಜಾಗ ಖಾಲಿ ಉಂಟು, ಯಾವ ಫ್ರೇಮು ನೋಡಿದ್ರೂ ಆ ಜಾಗಕ್ಕೇ ಕಣ್ಣು ಹೋಗ್ತದೆ, ಯಾರಾದ್ರೂ ಭೂತ ಅಂದ ಕೂಡ್ಲೇ ಯಾರೋ ಕುರ್ಚಿಯಿಂದ ಹಾರಿ ಬೀಳ್ಬೇಕಿತ್ತು ಅಂತ ಆಗ್ತದೆ. ನಿಜವಾದ ಸಾವು ಹೀಗೆ ಇರ್ತದೆ, ಅದು ಟಿಆರ್‌ಪಿ ನೋಡಿ ತೀರ್ಮಾನ ಬದಲಿಸುದಿಲ್ಲ. ಒಂದು ನಿಜವಾದ ಸಾವು ಕಂಡ ಟೀಮು, ಅಷ್ಟೊಂದು ಜನ ಅತ್ತದ್ದನ್ನು ನೋಡಿದ ಚಾನೆಲ್ಲು, ಬರೀ ಒಂದೂವರೆ ವರ್ಷದ ಒಳಗೆ ಇನ್ನೊಬ್ಬರ ಫೋಟೋಗೆ ಸುಳ್ಳು ಶ್ರದ್ಧಾಂಜಲಿ ಹಾಕಿತಲ್ಲ, ಅದನ್ನು ನಂಗೆ ನುಂಗ್ಲಿಕ್ಕೆ ಆಗುದಿಲ್ಲ.

ಬದಿಯಡ್ಕದ ಭಾವ ಇದನ್ನು ಒಪ್ಪುದಿಲ್ಲ. ಅವರಿಗೆ ಅಡಿಕೆ ವ್ಯಾಪಾರ, ಎಲ್ಲದಕ್ಕೂ ರೇಟು ಗೊತ್ತು. "ಈಗಿನ ಮಕ್ಕಳು ಒಂದೂವರೆ ನಿಮಿಷದ ರೀಲ್ಸ್ ನೋಡುವವರು, ಅವರಿಗೆ ಬಸ್ ಟಿಕೆಟ್ ತೋರಿಸಿದ್ರೆ ಕೂರ್ತಾರಾ, ಎಸಿಪಿಯನ್ನು ಕೊಂದ್ರೇ ಕೂರುದು. ಕೊಂದದ್ದೂ ಬಿಸ್ನೆಸ್, ತಂದದ್ದೂ ಬಿಸ್ನೆಸ್, ನಿಂಗೆ ಎಂತ ನಷ್ಟ?" ಲೆಕ್ಕ ಸರಿ ಇರ್ಬಹುದು. ಆದ್ರೆ ಅವರ ಮಗಳೇ, ಹತ್ತನೇ ಕ್ಲಾಸು, ನೆಟ್‌ಫ್ಲಿಕ್ಸಲ್ಲಿ ಹೊಸದನ್ನು ನಾಲ್ಕು ಎಪಿಸೋಡಿಗೆ ಬಿಟ್ಟು ಯೂಟ್ಯೂಬಲ್ಲಿ ಹಳೇದು ನೋಡ್ತಾಳೆ, ಅದೂ ಆ ರೋಬೋಟ್ ಕಾಲದ್ದು. ಕೇಳಿದ್ರೆ "ಅದ್ರಲ್ಲಿ ಕೊನೆಗೆ ಗೊತ್ತಾಗ್ತದಲ್ಲ ಮಾವ" ಅಂತಾಳೆ. ಎಸಿಪಿ ಸತ್ತಾಗ ಬೇಜಾರಾಯ್ತಾ ಅಂದೆ. "ಇಲ್ಲ, ಬರ್ತಾರೆ ಅಂತ ಗೊತ್ತಿತ್ತು." ಹದಿನೈದು ವರ್ಷದ ಹುಡುಗಿಗೆ ಗೊತ್ತಿತ್ತು. ಸಾವು ತೋರಿಸಿದ್ರೆ ನಂಬುದಿಲ್ಲ ಅಂತ ಒಂದು ಇಡೀ ತಲೆಮಾರಿಗೆ ಕಲಿಸಿ ಆದ ಮೇಲೆ ಇವರು ಇನ್ನು ಮರ್ಡರ್ ಕೇಸು ಹೇಗೆ ನಡೆಸ್ತಾರೋ. ಇನ್ನು ಯಾವತ್ತಾದ್ರೂ ಒಂದು ಹೆಣ ತೋರಿಸಿದ್ರೆ ಅವಳಿಗೆ ಬರುವ ಮೊದಲ ಯೋಚ್ನೆ ಯಾರು ಕೊಂದದ್ದು ಅಂತ ಅಲ್ಲ, ಇವ ಯಾವಾಗ ಏಳ್ತಾನೆ ಅಂತ.

ಭಾವ ಅದಕ್ಕೆ ನಕ್ಕು, ಹಾಗಾದ್ರೆ ನಿನ್ನ ಕೈಗೆ ಕೊಟ್ರೆ ಎಂತ ಮಾಡ್ತಿ ಅಂತ ಕೇಳಿದ್ರು. ದೊಡ್ಡದು ಎಂತದೂ ಬೇಡ. ಬಾರ್ಬೋಸಾನನ್ನು ಮನೆಗೆ ಕಳಿಸ್ತೇನೆ. ವಾಶಿಯ ಮಾರ್ಕೆಟ್ಟಲ್ಲಿ ಹೊರೆ ಹೊರುವ ಒಬ್ಬ ಸತ್ತಿದ್ದಾನೆ ಅಂತ ಇಟ್ಕೊಳ್ಳಿ, ಆಧಾರ್ ಕಾರ್ಡ್ ಇಲ್ಲ, ಫೋನ್ ಇಲ್ಲ, ಕಿಸೆಯಲ್ಲಿ ಒಂದು ಕೀ ಮಾತ್ರ. ಎಸಿಪಿ ಕುರ್ಚಿಯಲ್ಲೇ ಕೂತು ಬೆರಳು ತಿರುವ್ಲಿ, ಈ ಪ್ರಾಯದಲ್ಲಿ ಅವರನ್ನು ಓಡಿಸ್ಬೇಡಿ. ದಯಾ ಅಭಿಜೀತ್ ಒಂದೇ ಜೀಪಲ್ಲಿ ಹೋಗಿ ಆ ಕೀ ಯಾವ ಬೀಗಕ್ಕೆ ಆಗ್ತದೆ ಅಂತ ಇಡೀ ಎಪಿಸೋಡು ಹುಡುಕ್ಲಿ. ಬೀಗ ಸಿಗುವ ಮೊದ್ಲೇ ದಯಾ ಬಾಗಿಲು ಒದ್ರೂ ಪರವಾಗಿಲ್ಲ, ಬಾಗಿಲು ಪ್ಲೈವುಡ್ಡಿಂದೇ ಇರ್ಲಿ.